ಬಿಳಿಯಾಗಿಯೇ ಉಳಿಯಬೇಕಾದ ನಕ್ಷತ್ರಗಳು

ನಾಲ್ಕು ವರ್ಷಗಳ ಹಿಂದೆ, ಮಡಿಕೇರಿಯಲ್ಲಿ ಮಳೆ ಬಿಡುವೇ ಕೊಡದ ಜುಲೈ ತಿಂಗಳ ಒಂದು ವಾರದಲ್ಲಿ, ನಾನು ಮೊದಲ ಸಲ ದಾಲ್ಚಿನ್ನಿ ನಕ್ಷತ್ರಗಳನ್ನು ಮಾಡಲು ಹೊರಟು ಚೆನ್ನಾಗಿ ಕೆಡಿಸಿದ್ದೆ. ಸ್ಟುಟ್‌ಗಾರ್ಟ್‌ನಲ್ಲಿ ನೆಲೆಸಿರುವ ನಾದಿನಿ ಹಿಂದಿನ ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ಒಂದು ತಗಡಿನ ಡಬ್ಬಿಯ ತುಂಬ ಈ ಬಿಸ್ಕತ್ತುಗಳನ್ನು ತಂದಿದ್ದಳು. ಜರ್ಮನ್ ಭಾಷೆಯಲ್ಲಿ ಇವುಗಳ ಹೆಸರು ತ್ಸಿಮ್ಟ್‌ಷ್ಟೆರ್ನ; ಕ್ರಿಸ್‌ಮಸ್‌ಗೆ ಮುಂಚಿನ ವಾರಗಳಲ್ಲಿ ಅಲ್ಲಿನ ಮನೆಗಳಲ್ಲಿ ತಯಾರಾಗುವ ತಿನಿಸು. ಇದರಲ್ಲಿ ಮೈದಾ ಇಲ್ಲ, ಬೆಣ್ಣೆಯೂ ಇಲ್ಲ. ಸಿಪ್ಪೆಸಹಿತ ಪುಡಿ ಮಾಡಿದ ಬಾದಾಮಿ, ಸಕ್ಕರೆ, ಮೊಟ್ಟೆಯ ಬಿಳಿ ಮತ್ತು ದಾಲ್ಚಿನ್ನಿ, ಇಷ್ಟೇ. ಒಳಗೆ ಮೆತ್ತಗೆ, ಮೇಲೆ ಸುಣ್ಣ ಬಳಿದಂಥ ಬಿಳಿ ಲೇಪ. ಆ ಲೇಪಕ್ಕೆ ಕಂದು ಬಣ್ಣ ಬಂತೆಂದರೆ ಬಿಸ್ಕತ್ತು ಕೆಟ್ಟಿತೆಂದೇ ಲೆಕ್ಕ.

ನನ್ನ ಮೊದಲ ತಟ್ಟೆಯ ಲೇಪ ಕಂದಾಗಿತ್ತು, ಒಳಭಾಗ ಹಸಿಯಾಗಿತ್ತು, ಮರುದಿನ ಬೆಳಿಗ್ಗೆ ಡಬ್ಬಿ ತೆರೆದರೆ ಎಲ್ಲವೂ ಬೆವರಿದ ಬರ್ಫಿಯಂತೆ ಒಂದಕ್ಕೊಂದು ಅಂಟಿಕೊಂಡಿದ್ದವು. ಸಕ್ಕರೆ ಗಾಳಿಯ ತೇವವನ್ನು ಹೀರುತ್ತದೆ ಎಂಬುದು ಉಪ್ಪಿನ ಭರಣಿಯೂ ನೀರಾಗುವ ಈ ಊರಿನಲ್ಲಿ ಹೊಸ ಸಂಗತಿಯೇನಲ್ಲ. ಆದರೂ ನನಗೆ ಹೊಳೆದಿರಲಿಲ್ಲ. ಈ ಬಿಸ್ಕತ್ತು ಬೇಯುವುದಕ್ಕಿಂತ ಹೆಚ್ಚಾಗಿ ಒಣಗುತ್ತದೆ. ಹಾಗಾಗಿ ಈಗ ನಾನು ಅರೇಬಿಕಾ ಹಣ್ಣು ಕೊಯ್ದು ಕಣದಲ್ಲಿ ಹರಡುವ ದಿನಗಳಲ್ಲಿ, ಎಂದರೆ ಪುತ್ತರಿ ಕಳೆದು ಹವೆ ಒಣಗಿದ ಮೇಲೆಯೇ ಇದಕ್ಕೆ ಕೈ ಹಾಕುತ್ತೇನೆ.

ನನ್ನ ಅಳತೆ ಹೀಗಿದೆ. ಸಿಪ್ಪೆ ತೆಗೆಯದ ಬಾದಾಮಿ 350 ಗ್ರಾಂ, ಪುಡಿ ಸಕ್ಕರೆ 250 ಗ್ರಾಂ, ಮೂರು ಮೊಟ್ಟೆಗಳ ಬಿಳಿ, ಮೂರು ಸಣ್ಣ ಚಮಚ ದಾಲ್ಚಿನ್ನಿ ಪುಡಿ, ಒಂದು ಚಿಟಿಕೆ ಉಪ್ಪು, ಕೆಲವು ಹನಿ ನಿಂಬೆರಸ. ಬಾದಾಮಿಯನ್ನು ನೆನೆಸಬಾರದು, ಒಂದು ಗಂಟೆ ಫ್ರಿಜ್‌ನಲ್ಲಿಟ್ಟು, ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ ಪುಡಿ ಮಾಡಬೇಕು. ಒಂದೇ ಸಮನೆ ತಿರುಗಿಸಿದರೆ ಜಾರು ಬಿಸಿಯಾಗಿ ಬಾದಾಮಿ ಎಣ್ಣೆ ಬಿಡುತ್ತದೆ, ಪುಡಿಯ ಬದಲು ಮುದ್ದೆ ಸಿಗುತ್ತದೆ. ಬೋಗುಣಿಯನ್ನು ಬೋರಲು ಹಾಕಿದರೂ ಜಾರದಷ್ಟು ಗಟ್ಟಿಯಾಗಿ ಮೊಟ್ಟೆಯ ಬಿಳಿಯನ್ನು ನೊರೆ ಬರಿಸಿ, ಸಕ್ಕರೆಯನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ, ಅದರಲ್ಲಿ ಮೂರನೇ ಒಂದು ಪಾಲನ್ನು ಮೇಲಿನ ಲೇಪಕ್ಕೆಂದು ಮೊದಲೇ ಎತ್ತಿಡಬೇಕು. ಉಳಿದದ್ದಕ್ಕೆ ಬಾದಾಮಿ ಮತ್ತು ದಾಲ್ಚಿನ್ನಿ ಬೆರೆಸಿದರೆ ಕೈಗೆ ಅಂಟುವ ಕಣಕ ಬರುತ್ತದೆ. ಅಂಟುತ್ತದೆಂದು ಇನ್ನಷ್ಟು ಬಾದಾಮಿ ಸುರಿಯುವ ಆಸೆಯನ್ನು ತಡೆದುಕೊಂಡು, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಲಟ್ಟಣಿಗೆಯಿಂದ ಸುಮಾರು ಒಂದು ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸುವುದು ಲೇಸು. ನಕ್ಷತ್ರದ ಅಚ್ಚನ್ನು ಪ್ರತಿ ಸಲವೂ ಪುಡಿ ಸಕ್ಕರೆಯಲ್ಲಿ ಅದ್ದದಿದ್ದರೆ ಐದು ಮೂಲೆಗಳಲ್ಲಿ ಎರಡು ಅಚ್ಚಿನಲ್ಲೇ ಉಳಿಯುತ್ತವೆ.

ಇನ್ನು ದಾಲ್ಚಿನ್ನಿಯ ಮಾತು, ಏಕೆಂದರೆ ಈ ಬಿಸ್ಕತ್ತಿನ ಜೀವ ಅದರಲ್ಲೇ ಇದೆ. ಅಂಗಡಿಯಲ್ಲಿ ಚಕ್ಕೆ ಎಂದು ನಮಗೆ ಸಾಮಾನ್ಯವಾಗಿ ಸಿಗುವುದು ಕ್ಯಾಸಿಯಾ: ದಪ್ಪ ತೊಗಟೆ, ಒಂದೇ ಸುರುಳಿ, ಕೈಯಲ್ಲಿ ಮುರಿಯುವುದು ಕಷ್ಟ. ನಿಜವಾದ ದಾಲ್ಚಿನ್ನಿಯ ತೊಗಟೆ ಕಾಗದದಷ್ಟು ತೆಳು, ಪದರದೊಳಗೆ ಪದರವಾಗಿ ಸುತ್ತಿಕೊಂಡು ಚುಟ್ಟಾದಂತೆ ಕಾಣುತ್ತದೆ, ಬೆರಳಲ್ಲೇ ಪುಡಿಯಾಗುತ್ತದೆ. ಇವೆರಡರ ವ್ಯತ್ಯಾಸ ರುಚಿಯದ್ದು ಮಾತ್ರವಲ್ಲ. ಕ್ಯಾಸಿಯಾದಲ್ಲಿ ಹೇರಳವಾಗಿರುವ ಕೌಮರಿನ್ ಎಂಬ ಅಂಶ ಹೆಚ್ಚಾದರೆ ಕೆಲವರ ಯಕೃತ್ತಿಗೆ ಹಾನಿ ಮಾಡಬಲ್ಲದು. ನಿಜವಾದ ದಾಲ್ಚಿನ್ನಿಯಲ್ಲಿ ಅದು ತೀರಾ ಕಡಿಮೆ. 2006ರಲ್ಲಿ ಜರ್ಮನಿಯ ಆಹಾರ ಸುರಕ್ಷತೆಯ ಅಧಿಕಾರಿಗಳು ಇದೇ ನಕ್ಷತ್ರ ಬಿಸ್ಕತ್ತುಗಳ ವಿಚಾರದಲ್ಲಿ ಎಚ್ಚರಿಕೆ ನೀಡಿದ್ದರು. ಹಬ್ಬದ ಕಾಲದ ಇಂಥ ಬೇಕರಿ ತಿನಿಸುಗಳಲ್ಲಿ ಕಿಲೋಗೆ 50 ಮಿಲಿಗ್ರಾಂ ಕೌಮರಿನ್ ಮೀರಬಾರದೆಂದು ಐರೋಪ್ಯ ಒಕ್ಕೂಟದ ನಿಯಮವೂ ಇದೆ. ಡಿಸೆಂಬರ್‌ನಲ್ಲಿ ನಾಲ್ಕಾರು ತಿನ್ನುವ ದೊಡ್ಡವರು ಹೆದರಬೇಕಾಗಿಲ್ಲ, ಆದರೆ ಡಬ್ಬಿಗೆ ಕೈ ಹಾಕುವವರು ಹೆಚ್ಚಾಗಿ ಮಕ್ಕಳೇ. ನಮ್ಮ ಹಿತ್ತಲಿನಲ್ಲಿ ಒಂದು ದಾಲ್ಚಿನ್ನಿ ಮರವಿದೆ. ಮಳೆ ಬಿದ್ದು ಮರದಲ್ಲಿ ರಸ ಏರಿದಾಗ ಎಳೆಯ ಕೊಂಬೆಯ ತೊಗಟೆ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಅದನ್ನು ನೆರಳಲ್ಲಿ ಒಣಗಿಸಿಟ್ಟು ಡಿಸೆಂಬರ್‌ನಲ್ಲಿ ಪುಡಿ ಮಾಡುತ್ತೇನೆ. ಜುಲೈ ತಿಂಗಳು ಈ ಬಿಸ್ಕತ್ತಿಗೆ ಉಪಯೋಗಕ್ಕೆ ಬರುವುದು ಇಷ್ಟಕ್ಕೆ ಮಾತ್ರ.

ಒಂದು ವರ್ಷ ನಮ್ಮ ತೋಟದ ಏಲಕ್ಕಿಯನ್ನೂ ಅರ್ಧ ಚಮಚ ಬೆರೆಸಿದೆ. ನಾದಿನಿ ಫೋನಿನಲ್ಲಿ, "ಅತ್ತಿಗೆ, ಏಲಕ್ಕಿ ಹಾಕಿದ್ರೆ ಅದು ನಕ್ಷತ್ರ ಅಲ್ಲ, ಪಾಯಸ" ಎಂದಳು. ಅವಳ ಮಾತಿನಲ್ಲಿ ನ್ಯಾಯವಿತ್ತು. ಏಲಕ್ಕಿ ಬಂದಲ್ಲಿ ಉಳಿದ ಯಾವ ಮಸಾಲೆಯ ಮಾತೂ ಕೇಳಿಸುವುದಿಲ್ಲ, ಆದ್ದರಿಂದ ಅದನ್ನು ಕೈಬಿಟ್ಟೆ. ಲವಂಗ ಹಾಕುವ ಆಸೆಯಿದ್ದವರು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಬ್ರುನ್ಸ್ಲಿ ಮಾಡಬಹುದು. ಬಾದಾಮಿ, ದಾಲ್ಚಿನ್ನಿ, ಲವಂಗ ಮತ್ತು ಚಾಕೊಲೇಟ್ ಸೇರಿದ ಅದೂ ಮೈದಾ ಇಲ್ಲದ ತಿನಿಸೇ.

ಬೇಯಿಸುವಲ್ಲಿ ನಾನು ಸೋತದ್ದು ನಮ್ಮ ಪುಟ್ಟ ಓವನ್‌ನ ಸೂಚಕವನ್ನು ನಂಬಿ. 150 ಡಿಗ್ರಿಗೆ ತಿರುಗಿಸಿಟ್ಟಿದ್ದ ಓವನ್‌ನೊಳಗೆ ಒಂದು ಉಷ್ಣಮಾಪಕ ಇಟ್ಟು ನೋಡಿದರೆ ಮುಳ್ಳು 180ರ ಹತ್ತಿರ ನಿಂತಿತ್ತು. ಈಗ ಸೂಚಕವನ್ನು 120ಕ್ಕೆ ಇಟ್ಟು, ಮೇಲಿನ ಕಂಬಿಯನ್ನು ಆರಿಸಿ, ಕೆಳಗಿನ ಕಂಬಿಯ ಕಾವಿನಲ್ಲಿ ಹದಿನೈದು ನಿಮಿಷ ಬಿಡುತ್ತೇನೆ. ಲೇಪವನ್ನು ಬೆರಳ ತುದಿಯಿಂದ ಮುಟ್ಟಿದರೆ ಅಂಟಬಾರದು, ಅಡಿ ಒತ್ತಿದರೆ ಸ್ವಲ್ಪ ತಗ್ಗಬೇಕು. ಆಗಲೇ ಹೊರತೆಗೆಯಬೇಕು, ತಣ್ಣಗಾದಂತೆ ತಾನಾಗಿಯೇ ಬಿಗಿಯುತ್ತದೆ. ನಡುವೆ ಕರೆಂಟ್ ಹೋದರೆ ಗಾಬರಿ ಬೇಡ. ಮುಚ್ಚಿದ ಓವನ್‌ನ ಇಳಿಗಾವು ಈ ಬಿಸ್ಕತ್ತಿಗೆ ಒಗ್ಗುತ್ತದೆ, ಕೇಕಿಗಾಗಿದ್ದರೆ ಅತ್ತುಬಿಡುತ್ತಿದ್ದೆ.

ಉಳಿದ ಮೂರು ಹಳದಿ ಲೋಳೆಗಳು ರಾತ್ರಿಯ ಆಮ್ಲೆಟ್ಟಿಗೆ ಸೇರುತ್ತವೆ. ನಕ್ಷತ್ರಗಳನ್ನು ಪೂರ್ತಿ ಆರಿಸಿ, ಪದರಗಳ ನಡುವೆ ಬೆಣ್ಣೆಕಾಗದ ಹಾಕಿ, ನಾದಿನಿಯ ಅದೇ ತಗಡಿನ ಡಬ್ಬಿಯಲ್ಲಿ ತುಂಬಿಡುತ್ತೇನೆ. ಎರಡು ದಿನ ಕಳೆದ ಮೇಲೆ ದಾಲ್ಚಿನ್ನಿಯ ಘಮ ಬಾದಾಮಿಗೆ ಇಳಿದು ರುಚಿ ಕೂಡುತ್ತದೆ. ಅತ್ತೆಗೆ ಮಾತ್ರ ಅಷ್ಟು ತಾಳ್ಮೆ ಇಲ್ಲ. "ಇದು ಸರಿಯಾಗಿ ಬೆಂದಿಲ್ಲ ಕಣಮ್ಮ" ಎನ್ನುತ್ತಲೇ ಅವರು ಮೊದಲ ದಿನವೇ ಒಂದನ್ನು ಬೆಲ್ಲದ ಕಾಫಿಯಲ್ಲಿ ಅದ್ದುತ್ತಾರೆ, ಅದರ ಒಂದು ಮೂಲೆ ಕಳಚಿ ಲೋಟದ ತಳ ಸೇರುತ್ತದೆ, ಅದನ್ನು ತೆಗೆಯಲು ಚಮಚ ಕೇಳುತ್ತಾರೆ.