ಹೊಸ ಸಿಸ್ಟಂ ತಗೊಳ್ಳುವ ಮುಂಚೆ ಡಿಸ್ಕ್ ನೋಡಿ, ಹಳೇ ಡಿಸ್ಕ್ ಬಿಸಾಡಬೇಡಿ

ಮಂಡ್ಯದಲ್ಲಿ ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ಬರುವವರಲ್ಲಿ ಬಹಳ ಜನ ಕೇಳುವುದು ಒಂದೇ: "ಅಣ್ಣ, ಸಿಸ್ಟಂ ತುಂಬಾ ಸ್ಲೋ, ಹೊಸದು ಎಷ್ಟಾಗುತ್ತೆ?" ನಾನು ರೇಟ್ ಹೇಳುವ ಮುಂಚೆ, ಸಿಸ್ಟಂನ ಯಾವ ಭಾಗಕ್ಕೆ ಎಷ್ಟು ಕೆಲಸ ಬಿದ್ದಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆಗೆಯುತ್ತೇನೆ. ಪ್ರೊಸೆಸರ್ ಸುಮ್ನೆ ಕೂತಿರುತ್ತದೆ, ಡಿಸ್ಕ್ ಮಾತ್ರ 100 ಪರ್ಸೆಂಟ್. ಅಂಥವರಿಗೆ ಹೊಸ ಸಿಸ್ಟಂ ಮಾರುವುದು ನನಗೆ ಸರಿ ಅನ್ನಿಸಲ್ಲ.

ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ತಿರುಗುತ್ತಿರುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಹೆಚ್ಚಾಗಿ ನಿಮಿಷಕ್ಕೆ 5,400 ಸುತ್ತು, ಡೆಸ್ಕ್‌ಟಾಪ್‌ನಲ್ಲಿ 7,200. ಓದುವ ಹೆಡ್ ಸರಿಯಾದ ಜಾಗಕ್ಕೆ ಸರಿಯಬೇಕು, ಆಮೇಲೆ ಬೇಕಾದ ಭಾಗ ತಿರುಗಿ ಅದರ ಕೆಳಗೆ ಬರುವ ತನಕ ಕಾಯಬೇಕು, ಸುಮಾರು 10–15 ಮಿಲಿಸೆಕೆಂಡು. ಕಮ್ಮಿ ಅನ್ನಿಸುತ್ತದೆ ಅಲ್ವಾ? ಆದರೆ ವಿಂಡೋಸ್ ಆನ್ ಆಗುವಾಗ ಸಾವಿರಾರು ಚಿಕ್ಕ ಫೈಲುಗಳನ್ನು ಅಲ್ಲೊಂದು ಇಲ್ಲೊಂದು ಓದುತ್ತದೆ, ಪ್ರತಿ ಸಲ ಇದೇ ಕಾಯುವಿಕೆ. ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ ಎಸ್‌ಎಸ್‌ಡಿ ಅನ್ನುವ ಡ್ರೈವ್‌ನಲ್ಲಿ ತಿರುಗುವುದು ಏನೂ ಇಲ್ಲ, ಪೆನ್‌ಡ್ರೈವ್ ಥರ ಬರೀ ಫ್ಲ್ಯಾಶ್ ಚಿಪ್, ಹಾಗಾಗಿ ಈ ಕಾಯುವಿಕೆ ಇಲ್ಲವೇ ಇಲ್ಲ ಅನ್ನಬಹುದು.

ಕೋರ್ಟ್ ಹತ್ತಿರ ಟೈಪಿಂಗ್ ಅಂಗಡಿ ಇಟ್ಟಿರುವವರೊಬ್ಬರ ಹಳೇ ಡೆಸ್ಕ್‌ಟಾಪ್‌ಗೆ ಸಾಟಾ ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕ್ ಕನೆಕ್ಟರ್‌ಗೇ ಕೂರುವಂಥದ್ದು, ಹಾಕಿದೆ. ಹಳೇ ಡಿಸ್ಕಲ್ಲಿ ಇದ್ದದ್ದನ್ನೆಲ್ಲ ಹಾಗೇ ಹೊಸದಕ್ಕೆ ನಕಲು (ಕ್ಲೋನ್) ಮಾಡಿದ್ದರಿಂದ ನುಡಿ, ಪ್ರಿಂಟರ್ ಡ್ರೈವರ್ ಯಾವುದನ್ನೂ ಮತ್ತೆ ಹಾಕಬೇಕಾಗಲಿಲ್ಲ. ಬೆಳಿಗ್ಗೆ ಸಿಸ್ಟಂ ಆನ್ ಮಾಡಿ ಟೀ ಕುಡಿದು ಬರುತ್ತಿದ್ದವರು ಈಗ ಕೂತ ತಕ್ಷಣ ಅಫಿಡವಿಟ್ ಟೈಪ್ ಮಾಡುತ್ತಾರೆ.

ಇನ್ನೊಂದು ಕಡೆ ನೋಡಿದ್ದು ಹೇಳಲೇಬೇಕು. ಫೋಟೋ ಸ್ಟುಡಿಯೋದವರೊಬ್ಬರು ಮದುವೆ ಫೋಲ್ಡರ್ ಡಿಲೀಟ್ ಮಾಡಿ, ರಿಸೈಕಲ್ ಬಿನ್ನೂ ಖಾಲಿ ಮಾಡಿ ಓಡಿ ಬಂದರು. ಮಾಮೂಲಿ ಹಾರ್ಡ್ ಡಿಸ್ಕ್ ಆಗಿದ್ದರೆ, ಮೇಲೆ ಬೇರೆ ಏನೂ ಬರೆಯದೇ ಇದ್ದರೆ, ಎಷ್ಟೋ ಸಲ ವಾಪಸ್ ತೆಗೆಯಬಹುದು. ಅವರದು ಎಸ್‌ಎಸ್‌ಡಿ. ರಿಸೈಕಲ್ ಬಿನ್ ಖಾಲಿ ಮಾಡಿದ ಕೂಡಲೇ ವಿಂಡೋಸ್ ಟ್ರಿಮ್ ಅನ್ನುವ ಆದೇಶ ಕಳಿಸುತ್ತದೆ, ಡ್ರೈವ್ ತಾನೇ ಆ ಜಾಗ ಒರೆಸಿಬಿಡುತ್ತದೆ. ಒಂದು ಫೋಟೋನೂ ಸಿಗಲಿಲ್ಲ. ಮದುವೆ ಮನೆಯವರಿಗೆ ಏನು ಹೇಳಲಿ ಅಂತ ಅವರು ಕೇಳಿದಾಗ ನನಗೂ ಮಾತು ಬರಲಿಲ್ಲ.

ಹಾರ್ಡ್ ಡಿಸ್ಕ್ ಕೆಡುವ ಮುಂಚೆ ಎಷ್ಟೋ ಸಲ ಟಿಕ್ ಟಿಕ್ ಸದ್ದು ಮಾಡುತ್ತದೆ, ಫೈಲ್ ಕಾಪಿ ನಡುವೆ ನಿಲ್ಲುತ್ತದೆ. ಎಸ್‌ಎಸ್‌ಡಿ ಸದ್ದಿಲ್ಲದೆ ಹೋಗಬಹುದು. ಕರೆಂಟ್ ಕೊಡದೆ ವರ್ಷಗಟ್ಟಲೆ ಬೀರುವಿನಲ್ಲಿ ಇಟ್ಟರೆ ಅದರಲ್ಲಿರುವ ಡೇಟಾಗೂ ಗ್ಯಾರಂಟಿ ಇಲ್ಲ.

ಅದಕ್ಕೇ ಎಸ್‌ಎಸ್‌ಡಿ ಹಾಕಿದ ಮೇಲೆ ಹಳೇ ಡಿಸ್ಕನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ, ಡಿಸ್ಕಿನ ಆರೋಗ್ಯ ತೋರಿಸುವ ಸಾಫ್ಟ್‌ವೇರ್‌ನಲ್ಲಿ ನೋಡುತ್ತೇನೆ. ರೀಅಲೊಕೇಟೆಡ್ ಸೆಕ್ಟರ್ ಲೆಕ್ಕ, ಅಂದರೆ ಕೆಟ್ಟು ಬದಲಿ ಜಾಗ ಕೊಡಬೇಕಾದ ಭಾಗಗಳ ಸಂಖ್ಯೆ, ಏರುತ್ತಿದ್ದರೆ ಬ್ಯಾಕಪ್‌ಗೆ ಬೇಡ ಅನ್ನುತ್ತೇನೆ. ಚೆನ್ನಾಗಿದ್ದರೆ ಯುಎಸ್‌ಬಿ ಕೇಸ್‌ಗೆ ಹಾಕಿ ಅವರ ಕೈಗೇ ಕೊಡುತ್ತೇನೆ, ಎರಡನೇ ಕಾಪಿ ಅದರಲ್ಲಿರಲಿ. ಕೇಸ್ ತಗೊಳ್ಳುವಾಗ ಅಳತೆ ನೋಡಿ: ಲ್ಯಾಪ್‌ಟಾಪ್‌ನ 2.5 ಇಂಚಿನ ಡಿಸ್ಕ್ ಯುಎಸ್‌ಬಿ ಕರೆಂಟಲ್ಲೇ ಓಡುತ್ತದೆ, ಡೆಸ್ಕ್‌ಟಾಪ್‌ನ 3.5 ಇಂಚಿನದಕ್ಕೆ ಬೇರೆ ಅಡಾಪ್ಟರ್ ಇರುವ ಕೇಸೇ ಬೇಕು.