ಸೆಷನ್ ಶೀಟ್‌ನಲ್ಲಿ ಒಂದು ಹೆಸರು

ಮ್ಯೂಸಿಕ್ ಲೈನಿಗೆ ಬರ್ಬೇಕು ಅಂತಿರೋ ನಮ್ಮ ಹುಡುಗ್ರು ಆಗಾಗ ಕೇಳ್ತಾರೆ, ಅಕ್ಕಾ ಸೌಂಡ್ ಕೋರ್ಸ್ ಮಾಡ್ಲಾ, ಇಂಟರ್ನ್‌ಶಿಪ್ ಹುಡುಕ್ಲಾ ಅಂತ. ಕೋರ್ಸ್ ಬೇಡ ಅನ್ನಲ್ಲ, ಆದ್ರೆ ಒಂದು ಸ್ಟುಡಿಯೋ ಒಳಗೆ ಕೂತು ನೋಡ್ರಪ್ಪ ಮೊದ್ಲು.

ನಾನು ಆರು ತಿಂಗಳು ಇದ್ದಿದ್ದು ಮುಂಬೈಲಿ, ಅಂಧೇರಿ ವೆಸ್ಟ್‌ನ ಒಂದು ಸಣ್ಣ ಸ್ಟುಡಿಯೋದಲ್ಲಿ. ಡೊಂಬಿವಲಿಯಿಂದ ದಾದರ್, ಅಲ್ಲಿ ಬ್ರಿಡ್ಜ್ ಹತ್ತಿ ವೆಸ್ಟರ್ನ್ ಲೈನು, ರಾತ್ರಿ ಸೆಷನ್ ಉದ್ದ ಆದ್ರೆ ಲಾಸ್ಟ್ ಲೋಕಲ್ ಸಿಗತ್ತೋ ಇಲ್ವೋ ಅಂತ ಅಮ್ಮಂಗೆ ನಿದ್ದೆ ಇಲ್ಲ. ಮೊದಲ ತಿಂಗಳು ಚಹಾ ಹೇಳೋದು, ಮೈಕ್ ಸ್ಟ್ಯಾಂಡ್ ಇಡೋದು, ಕೇಬಲ್ ಸುತ್ತೋದು ಅಷ್ಟೇ. ಕೇಬಲ್‌ನ ಮೊಣಕೈಗೆ ಸುತ್ತಿದ್ರೆ ಒಳಗಿನ ತಂತಿ ತಿರುಚ್ಕೊಂಡು ಹಾಳಾಗತ್ತೆ ಅಂತ ಅಲ್ಲೇ ಕಲ್ತೆ. ಒಂದಿನ ಸಿಂಗರ್ ಮನೇಲೇ ಹಾಡಿ ಕಳ್ಸಿದ ಟ್ರ್ಯಾಕ್ ಹಾಕಿದ್ರೆ ಶ್ರುತಿ ಮೇಲಕ್ಕೆ ಹೋಗಿ ಧ್ವನಿ ಮಕ್ಕಳ ಥರ ಕೇಳಿಸ್ತು, ಫೈಲಿನ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಧ್ವನಿನ ಎಷ್ಟು ಸಲ ಅಳೆದು ದಾಖಲಿಸ್ತಾರೆ ಅನ್ನೋ ಲೆಕ್ಕ) 44.1 ಕಿಲೋಹರ್ಟ್ಸ್, ನಮ್ಮ ಪ್ರಾಜೆಕ್ಟಿಂದು 48, ಕನ್ವರ್ಟ್ ಮಾಡದೇನೇ ಎಳೆದು ಹಾಕಿದ್ರು, ಹತ್ರಹತ್ರ ಒಂದೂವರೆ ಸೆಮಿಟೋನ್ ವ್ಯತ್ಯಾಸ, ಸೆಮಿಟೋನ್ ಅಂದ್ರೆ ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಸ್ವರಗಳ ಅಂತರ. ಪುಸ್ತಕದಲ್ಲಿ ಓದಿದ್ದೆ ಇದನ್ನ, ಆದ್ರೆ ಅವತ್ತು ಕಿವಿಗೆ ಬಿದ್ದ ಮೇಲೆ ಮರೆತೇ ಇಲ್ಲ.

ಎರಡನೇ ತಿಂಗಳಿಂದ ಸೆಷನ್ ಶೀಟ್ ಬರೆಯೋ ಕೆಲಸ ಕೊಟ್ರು. ಯಾರು ಬಂದ್ರು, ಏನು ನುಡಿಸಿದ್ರು, ಎಷ್ಟೊತ್ತು, ಅಷ್ಟೇ. ಗುಮಾಸ್ತನ ಕೆಲಸ ಅಂತ ಬೇಜಾರಾಗಿತ್ತು. ಧಾರವಾಡ ಕಡೆಯ ಒಬ್ರು ತಬಲಾ ಕಾಕಾ ಬರ್ತಿದ್ರು, ಎಲ್ರೂ ಪಂಡಿತ್‌ಜಿ ಅಂತಿದ್ರು, ನಾನೂ ಶೀಟಲ್ಲಿ ಅದನ್ನೇ ಬರೆದೆ. ಅವ್ರು ಹೋಗೋವಾಗ ಇಣುಕಿ ನೋಡಿ, "ತಂಗಿ, ಪಂಡಿತ್‌ಜಿ ಅಂದ್ರ ಈ ಊರಾಗ ಸಾವಿರ ಮಂದಿ ಅದಾರವಾ, ನನ್ನ ಹೆಸರ ಬರಿ" ಅಂದ್ರು. ಕೋಪ ಇರ್ಲಿಲ್ಲ ಆ ಮಾತಲ್ಲಿ, ಅದಕ್ಕೇ ಜಾಸ್ತಿ ತಾಗ್ತು.

ಹಾಡು ರಿಲೀಸ್ ಆಗೋವಾಗ ಕ್ರೆಡಿಟ್ ಲಿಸ್ಟ್ ಹೋಗೋದು ಈ ಶೀಟಿಂದಾನೇ. ಪ್ರತಿ ರೆಕಾರ್ಡಿಂಗಿಗೂ ಐಎಸ್‌ಆರ್‌ಸಿ ಅಂತ 12 ಅಕ್ಷರ-ಅಂಕಿಗಳ ಒಂದು ಕೋಡ್ ಇರತ್ತೆ, ಆ ರೆಕಾರ್ಡಿಂಗ್ ಗುರುತು ಸಿಗೋದು ಅದ್ರಿಂದ, ಆದ್ರೆ ಅದ್ರ ಜೊತೆಗಿರೋ ಹೆಸರೇ ತಪ್ಪಾದ್ರೆ ಕೋಡ್ ಏನು ಮಾಡತ್ತೆ? 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದುಪಡಿ ಆದ್ಮೇಲೆ ಸಿನಿಮಾ ಹಾಡು ಥಿಯೇಟರ್ ಬಿಟ್ಟು ಬೇರೆ ಕಡೆ ಬಳಕೆಯಾದ್ರೆ ಬರೆದವರಿಗೂ ಸಂಗೀತ ಮಾಡಿದವರಿಗೂ ರಾಯಲ್ಟಿಲಿ ಪಾಲಿದೆ, ಆ ಹಕ್ಕನ್ನ ಪ್ರೊಡ್ಯೂಸರ್‌ಗೆ ಬರ್ಕೊಡೋಕೂ ಬರಲ್ಲ. ಅಷ್ಟು ಹೋರಾಡಿ ಬಂದ ಕಾನೂನು, ಹೆಸರು ಸರಿ ಬರೀದಿದ್ರೆ ಕಾಗದದಲ್ಲೇ ಉಳಿಯತ್ತೆ. ಸೆಷನ್‌ಗೆ ಬಂದು ನುಡಿಸಿ ಹೋಗೋರಿಗಂತೂ ಬಹಳ ಸಲ ಅವತ್ತಿನ ಪೇಮೆಂಟ್ ಬಿಟ್ರೆ ಸಿಗೋದು ಆ ಹೆಸರೊಂದೇ.

ಇನ್ನೊಂದು ಮಾತು ಹೇಳ್ಲೇಬೇಕು. ನಂಗೆ ಒಂದು ರೂಪಾಯಿ ಕೊಡ್ಲಿಲ್ಲ ಅಲ್ಲಿ, ಟ್ರೇನ್ ಪಾಸ್ ಕೂಡ ಅಪ್ಪನ ದುಡ್ಡು. ಅದು ತಪ್ಪು. ಅಪ್ಪನ ಹತ್ರ ಇಲ್ದೇ ಇರೋ ಮಕ್ಕಳು ಹಾಗಾದ್ರೆ ಬರೋದೇ ಬೇಡ್ವಾ? ಪಾಸು, ಮಧ್ಯಾಹ್ನದ ಊಟ, ಇಷ್ಟಾದ್ರೂ ಕೊಡ್ತೀರಾ ಅಂತ ಸೇರೋಕೆ ಮುಂಚೆನೇ ಬಾಯ್ಬಿಟ್ಟು ಕೇಳಿ.

ಕಾಕಾ ನನ್ನ ಹೆಸರ ಬರಿ ಅಂದ ದಿನ ರಾತ್ರಿ ಅವ್ರಿಗೆ ಫೋನ್ ಮಾಡಿ, ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಇಂಗ್ಲಿಷಲ್ಲಿ ಹೇಗೆ ಬರೀತೀರಿ ಅಂತ ಒಂದೊಂದೇ ಅಕ್ಷರ ಕೇಳ್ಕೊಂಡೆ. ಅವ್ರು ನಿಧಾನಕ್ಕೆ ಹೇಳಿದ್ರು, ನಾನು ಬರ್ಕೊಂಡು ವಾಪಸ್ ಓದಿ ಹೇಳ್ದೆ, "ಹಾಂ, ಈಗ ಖರೇ ಆತು ನೋಡು" ಅಂದ್ರು.