ಕುಬಸದ ದಿನ ನಾನೂ ಬಳೆ ಇಟ್ಟುಕೊಂಡೆ

ಬಸುರಿ ಅಕ್ಕನ ಕುಬಸ, ಅಂದರೆ ಸೀಮಂತ, ಗುಳೇದಗುಡ್ಡದಲ್ಲಿ, ದೊಡ್ಡವ್ವನ ಮನೆಯಲ್ಲಿ ಆಯಿತು. ಗಂಡಸರೆಲ್ಲ ಹೊರಗೆ ಪೆಂಡಾಲಿನಲ್ಲಿ. ಪಡಸಾಲೆ ತುಂಬ ಹೆಂಗಸರು. ನಾನು ಸೀದಾ ಒಳಗೆ ಹೋಗಿ ಉಡಿ ತುಂಬುವ ಸಾಮಾನು ಜೋಡಿಸುತ್ತ ಕೂತೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಎಲೆ, ಅಡಿಕೆ. ಮೇಲೊಂದು ಖಣ, ಅಂದರೆ ರವಿಕೆ ಬಟ್ಟೆ.

ಖಣದ ಊರಲ್ಲಿ ಖಣ ಆರಿಸುವುದೆಂದರೆ ನನಗೆ ಹಬ್ಬ. ಅವತ್ತು ನಾನು ತೊಟ್ಟಿದ್ದ ಕುರ್ತಾ ಕೂಡ ಖಣದ್ದೇ. ಕಡುಗೆಂಪು, ಮೈತುಂಬ ಸಣ್ಣ ಸಣ್ಣ ಹೂವು. ಬೆಳಕು ಬಿದ್ದ ಕಡೆ ಅದರ ಬಣ್ಣವೇ ಬೇರೆ. ಕಣ್ಣಿಗೆ ಕಾಡಿಗೆ, ಕಿವಿಗೆ ಜುಮಕಿ.

ಹುಟ್ಟಿದಾಗ ನನ್ನನ್ನು ಗಂಡು ಅಂತ ಬರೆಸಿದರು. ಗಂಡಲ್ಲ ಅಂತ ನನಗೆ ಬೇಗ ತಿಳಿಯಿತು. ಹೆಣ್ಣೂ ಅಲ್ಲ ಅಂತ ತಿಳಿಯಲು ತಡವಾಯಿತು. ನನಗೆ ಇಷ್ಟವಾದದ್ದೆಲ್ಲ ಹೆಂಗಸರ ಕಡೆಯದೇ ಅಲ್ವಾ? ಹೆಣ್ತನ ನನ್ನದು, ಅದು ಖರೆ. ಆದರೆ ನಾನು ಹೆಣ್ಣಾಗಲು ಹೊರಟು ಅರ್ಧಕ್ಕೆ ನಿಂತವರಲ್ಲ. ಇದ್ದಲ್ಲೇ ಪೂರ್ತಿ ಇದ್ದೇನೆ. ನಾನ್‌ಬೈನರಿ ಅನ್ನುವ ಮಾತು ಕಿವಿಗೆ ಬಿದ್ದದ್ದು ಕಾಲೇಜಿಗೆ ಹೋದ ಮೇಲೆ.

ಮನೆಯಲ್ಲಿ ಹೇಳಿದಾಗ ಎಲ್ಲರಿಗೂ ಮೊದಲು ನೆನಪಾದದ್ದು ಎಲ್ಲಮ್ಮನ ಹೆಸರಲ್ಲಿ ಸೀರೆ ಉಟ್ಟು ಬದುಕುವ ಜೋಗಪ್ಪನವರು. ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬರುವ ಮನೆ ನಮ್ಮದು. 2021ರಲ್ಲಿ ಆ ಪರಂಪರೆಯ ಕಲಾವಿದೆ ಮಂಜಮ್ಮ ಜೋಗತಿ ಪದ್ಮಶ್ರೀ ತಗೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರಲ್ಲ, ಅದನ್ನು ಟೀವಿಯಲ್ಲಿ ನೋಡಿ ದೊಡ್ಡವ್ವ ಕಣ್ಣೊರೆಸಿಕೊಂಡಿದ್ದಳು. ನನಗೂ ಎದೆ ತುಂಬಿತ್ತು. ಆದರೆ ದೀಕ್ಷೆಯ ಮುತ್ತು ಕಟ್ಟಿಸಿಕೊಂಡು ಎಲ್ಲಮ್ಮನಿಗೆ ನಡೆದುಕೊಳ್ಳುವವರ ಬದುಕೇ ಬೇರೆ. ಆ ಕಷ್ಟ, ಆ ಭಕ್ತಿ ನನ್ನದು ಅಂತ ಸುಮ್ನೆ ಹೇಳಿಕೊಳ್ಳಲು ನನಗೆ ಮನಸ್ಸಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟು, ತಾನು ಯಾರು ಅಂತ ಹೇಳುವ ಹಕ್ಕು ಆಯಾ ಮನುಷ್ಯರದೇ ಎಂದಿತ್ತು. ಆ ತೀರ್ಪು ಓದಿ ಧೈರ್ಯ ಬಂದಿತ್ತು. ಪಡಸಾಲೆಯಲ್ಲಿ ಕೂತು ಅದನ್ನೇ ಹೇಳುವುದು ಮಾತ್ರ ಕಷ್ಟ.

ಬಳೆಗಾರ್ತಿ ಅಕ್ಕನ ಕೈ ತುಂಬ ಹಸಿರು ಬಳೆ ಇಟ್ಟಳು. ಆಗ ದೊಡ್ಡವ್ವ ನನ್ನ ಕಡೆ ತಿರುಗಿದಳು. "ಬಾ ಇಲ್ಲೆ, ನೀನೂ ಇಟಗೋ. ನನಗ ಇಬ್ಬರು ಹೆಣ್ಣಮಕ್ಕಳು ಅಂತ ತಿಳಕೋತೀನಿ."

ಎಷ್ಟು ಪ್ರೀತಿಯಿಂದ ಅಂದಳು! ಇಷ್ಟು ಮಾತಿಗೆ ಅವಳು ಮನಸ್ಸಿನಲ್ಲಿ ಎಷ್ಟು ಗುದ್ದಾಡಿದ್ದಳೋ. ಹೂಂ ಅಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಬಳೆಗಾರ್ತಿ ನನ್ನ ಹೆಬ್ಬೆರಳಿನ ಬುಡ ಒತ್ತಿ, ಅಂಗೈ ಮಡಿಸಿ, ಒಂದೊಂದೇ ಬಳೆ ಏರಿಸುತ್ತಿದ್ದಳು. ಗೆಣ್ಣಿನ ಹತ್ತಿರ ಜೋರು ನೋವು.

"ದೊಡ್ಡವ್ವಾ, ಬಳಿ ಇಟಗೋತೀನಿ. ಮಗಳು ಅನಬ್ಯಾಡ."

"ಬಳಿ ಬೇಕು, ಮಗಳು ಬ್ಯಾಡ. ಯಾಕ?"

"ಮಗ ಅಂದ್ರ ಹ್ಯಾಂಗ ಅನಸತದೋ, ಮಗಳು ಅಂದ್ರೂ ಹಂಗ ಅನಸತದ."

ಆಕೆ ಮಾತಾಡಲಿಲ್ಲ. ಒಪ್ಪಿದಳು ಅಂತ ನಾನು ಹೇಳಲಾರೆ. ಮಧ್ಯಾಹ್ನ ಪೂರ್ತಿ ನನ್ನ ಜೊತೆ ಮಾತು ಕಡಿಮೆ. ಹೋಳಿಗೆ ಮೇಲೆ ತುಪ್ಪ ಮಾತ್ರ ಎಂದಿನಂತೆ ಜಾಸ್ತಿ.

ಸಂಜೆ ಅಕ್ಕ ಕಾಲು ಚಾಚಿ ಕೂತು ಕೇಳಿದಳು, "ಹುಟ್ಟೋ ಕೂಸು ನಿನಗ ಏನಂತ ಕರೀಬೇಕು? ಮಾಮಾ ಅಲ್ಲ, ಚಿಗವ್ವ ಅಲ್ಲ." ನನ್ನನ್ನು ಇಷ್ಟು ಸಲೀಸಾಗಿ ಯಾರೂ ಕೇಳಿರಲಿಲ್ಲ. ಹೆರಿಗೆಗೆ ಇನ್ನೂ ದಿನ ಇದೆ. ಇಬ್ಬರೂ ಸೇರಿ ಹುಡುಕುತ್ತಿದ್ದೇವೆ.